ಮೈಸೂರು ಸೀಮೆಯ ಕಬ್ಬಿಣದ ಕುಲುಮೆಗಳ ಅವನತಿ

ಕ್ರಿ. ಶ. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞಾನುಸಾರ ಈ ಸೀಮೆಯನ್ನು ಸಂಚರಿಸಿ, 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳ ಪ್ರವಾಸಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ನನು, ಬೆಳೆ ಕಂದಾಯಗಳ ವಿವರಗಳ ನಡುವೆ ಮಾಗಡಿ, ಮಧುಗಿರಿ ಪ್ರಾಂತಗಳ ಕಬ್ಬಿಣದ ಕುಲುಮೆಗಳ ವಿಷಯವನ್ನೂ ಸೂಕ್ಷ್ಮವಾಗಿ ಬರೆದಿಟ್ಟಿರುವನು. ಮಳೆಗಾಲದ ತೊರೆಗಳು ಬಂಡೆಗಳಿಂದ ಕೊಚ್ಚಿ ತಂದ ಕರಿಮರಳನ್ನು ತೊಳೆದು ಶೋಧಿಸಿ, ಇದ್ದಲಿನೊಡನೆ ಮಣ್ಣಿನ ಕುಲುಮೆಯಲ್ಲಿ ಹಾಕಿ, ಚರ್ಮದ ತಿದಿಗಳಿಂದ ಊದಿ ಕಬ್ಬಿಣದ ಮುದ್ದೆಯನ್ನು ತೆಗೆಯುತ್ತಿದ್ದರು. ಆ ಕಬ್ಬಿಣದ ತುಂಡುಗಳನ್ನು ತಂಗಡಿಯ ಕಡ್ಡಿ ಮತ್ತು ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಸಿ, ಉಕ್ಕನ್ನು ಸಿದ್ಧಪಡಿಸುತ್ತಿದ್ದರು. ದಕ್ಷಿಣ ಭಾರತದ ಇಂಥ ಉಕ್ಕನ್ನೇ ಕುರಿತು ಜಾರ್ಜ್ ಪಿಯರ್ಸನ್ನನು 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರಬಂಧವನ್ನಿಟ್ಟನು. ಕಾಲು ಶತಮಾನದ ತರುವಾಯ ಮೈಕೇಲ್ ಫ್ಯಾರಡೆಯೂ ಅದರ ಗುಣರಹಸ್ಯವನ್ನು ಭೇದಿಸಲು ಶ್ರಮಿಸಿದನು. ವಿದ್ಯೆಯು ಅಲ್ಲಿ ಪರೀಕ್ಷೆಗೊಳಗಾದ ಶತಮಾನದಲ್ಲಿಯೇ ಇಲ್ಲಿ ವೃತ್ತಿಯು ಕ್ಷೀಣಿಸಿತೆಂಬುದು ವಿಷಾದಕರವಾದ ಸಂಗತಿ.

ಕ್ಷಯವು ಒಮ್ಮೆಗೇ ಸಂಭವಿಸಿದುದಲ್ಲ. ಬಿ. ಎಲ್. ರೈಸರ ಗ್ಯಾಸೆಟಿಯರು ಮೊದಲ ಬಾರಿಗೆ ಹೊರಬಂದ 1870ರ ದಶಕದಲ್ಲಿಯೂ ಮಾಗಡಿ, ಚಿಕ್ಕನಾಯಕನಹಳ್ಳಿ, ಮಳವಳ್ಳಿ, ಹೆಗ್ಗಡದೇವನಕೋಟೆ, ಅರಸೀಕೆರೆ ತಾಲ್ಲೂಕುಗಳಲ್ಲಿ ಕಬ್ಬಿಣವನ್ನು ಕರಗಿಸುತ್ತಿದ್ದರು. ಚನ್ನಪಟ್ಟಣದ ಉಕ್ಕಿನ ತಂತಿಗಳು ವೀಣೆಯಂತಹ ವಾದ್ಯಗಳಿಗಾಗಿ ದಕ್ಷಿಣದೇಶವೆಲ್ಲದರಲ್ಲಿಯೂ ಬೇಡಿಕೆ ಪಡೆದಿದ್ದುವು. ಆದರೆ 1864ನೆಯ ವರ್ಷದಲ್ಲಿಯೇ ಎರಡು ಘಟನೆಗಳು ಕೂಡಿಬಂದಿದ್ದುವು. ಜೋಲಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಮದರಾಸಿನ ರೈಲು ಬಂದಿತು. ಮೈಸೂರಿನಲ್ಲಿ ಅರಣ್ಯ ಇಲಾಖೆಯು ಸ್ಥಾಪಿತವಾಯಿತು. ಮೊದಲನೆಯದರಿಂದ ಇಂಗ್ಲೆಂಡಿನ ಕಬ್ಬಿಣದ ಪಟ್ಟಿಗಳು ಅಗ್ಗವಾಗಿ ಒಳನಾಡಿನ ಸಂತೆಯನ್ನು ತಲುಪಲು ದಾರಿಯಾಯಿತು. ಎರಡನೆಯದರಿಂದ ಕಾಡಿನ ಸೌದೆಯು ಕ್ರಮೇಣ ಸರ್ಕಾರದ ಸ್ವತ್ತಾಗಿ, ಇದ್ದಲು ದುರ್ಲಭವೂ ದುಬಾರಿಯೂ ಆಯಿತು. 1882ರಲ್ಲಿ ಭಾರತ ಸರ್ಕಾರವು ಆಮದು ಸುಂಕಗಳನ್ನು ಬಹುತೇಕ ರದ್ದುಗೊಳಿಸಿತು; 1894ರಲ್ಲಿ ಸಾಮಾನ್ಯ ಸರಕಿನ ಮೇಲೆ ನೂರಕ್ಕೆ 5ರಂತೆ ಸುಂಕವನ್ನು ಪುನಃ ಹೇರಿದಾಗಲೂ ಕಬ್ಬಿಣಕ್ಕೆ ಹಾಕಿದುದು ನೂರಕ್ಕೆ 1 ಮಾತ್ರ. ಪರದೇಶದ ಅಗ್ಗದ ಸರಕೊಂದನ್ನೇ ದೂಷಿಸುವ ವಾಡಿಕೆಯು ನಮ್ಮಲ್ಲುಂಟು. ನನ್ನ ಅಭಿಪ್ರಾಯದಲ್ಲಿ ಇದ್ದಲಿನ ಅಭಾವವನ್ನೂ ಅಷ್ಟೇ ಗಂಭೀರವಾಗಿ ಪರಿಗಣಿಸಬೇಕು, ಏಕೆಂದರೆ ಸೌದೆಯಿಲ್ಲದ ಕುಲುಮೆಯನ್ನು ಯಾವ ಸುಂಕವೂ ಉರಿಸಲಾರದು.

ಇದರಿಂದ ಎಷ್ಟು ಮಂದಿಯ ಉದ್ಯೋಗವು ಹೋಯಿತೆಂದು ಕೇಳುವವರು ಸಾಮಾನ್ಯವಾಗಿ ಕಮ್ಮಾರನ ಕಡೆಗೆ ನೋಡುತ್ತಾರೆ. ಅಲ್ಲಿಯೇ ಅವರು ಮೋಸಹೋಗುವುದು. ಊರ ಕಮ್ಮಾರನು ಉಳಿದನು. ಆಮದಾದ ಪಟ್ಟಿಯನ್ನೋ ಹಳೆಯ ಬಂಡಿಯ ಕಬ್ಬಿಣವನ್ನೋ ಕಾಸಿ, ಗುಳ, ಕುಡುಗೋಲು, ಗುದ್ದಲಿಗಳನ್ನು ಎಂದಿನಂತೆ ತಟ್ಟಿಕೊಟ್ಟು ಆಯದ ಧಾನ್ಯವನ್ನು ಪಡೆಯುತ್ತಲೇ ಇದ್ದನು. ಅಳಿದುಹೋದವರು ಅವನ ಹಿಂದೆ ನಿಂತಿದ್ದವರು: ಮರಳನ್ನು ತೊಳೆಯುವವರು, ಕಾಡಿನಲ್ಲಿ ಇದ್ದಲು ಸುಡುವವರು, ಅದನ್ನು ಎತ್ತು ಕತ್ತೆಗಳ ಮೇಲೆ ಹೇರಿ ತರುವವರು, ತಿದಿಯೂದುವವರು, ಮೂಸೆ ಮಾಡುವವರು. ಇವರಲ್ಲಿ ಅನೇಕರು ವರ್ಷದ ಕೆಲವು ತಿಂಗಳು ಮಾತ್ರ ಈ ಕೆಲಸಮಾಡಿ, ಉಳಿದ ಕಾಲದಲ್ಲಿ ಹೊಲವನ್ನು ನಂಬಿದವರಾಗಿದ್ದುದರಿಂದ, ಕುಲುಮೆಯು ಆರಿದಾಗ ನಿರುದ್ಯೋಗಿಗಳೆಂದು ಯಾವ ಲೆಕ್ಕಕ್ಕೂ ಸೇರಲಿಲ್ಲ. ಜನಗಣತಿಯವರು ಬಂದಾಗ ರೈತರೆಂದೋ ಕೂಲಿಗಳೆಂದೋ ಬರೆಯಿಸಿಕೊಂಡರು. ಎರಡು ಆಧಾರಗಳಿದ್ದ ಸಂಸಾರಕ್ಕೆ ಒಂದೇ ಉಳಿಯಿತು, ಅದೂ ಮಳೆಯನ್ನೇ ನೆಚ್ಚಿದ ಬೆದ್ದಲು. ವೃತ್ತಿನಾಶದ ಈ ಪರಿಯನ್ನು ಅಂಕಿಅಂಶಗಳಿಂದ ಅಳೆಯಹೊರಟ ಅರ್ಥಶಾಸ್ತ್ರಜ್ಞರು ಪರಸ್ಪರ ವಿರುದ್ಧವಾದ ನಿರ್ಣಯಗಳಿಗೆ ಬಂದಿರುವುದು ಆಶ್ಚರ್ಯವಲ್ಲ.

1923ರ ಜನವರಿಯಲ್ಲಿ ಭದ್ರಾವತಿಯ ಕಾರ್ಖಾನೆಯು ಆರಂಭವಾದಾಗ, ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದುದೂ ಕಾಡಿನ ಸೌದೆಯ ಇದ್ದಲಿನಿಂದಲೇ. ಹಳ್ಳಿಯ ಕುಲುಮೆಗೆ ದುರ್ಲಭವಾದ ಅರಣ್ಯವು ಸಂಸ್ಥಾನದ ಕುಲುಮೆಗೆ ದೊರೆಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಆ ಸಾಧನೆಯನ್ನು ಕಿರಿದುಮಾಡುವುದು ನನ್ನ ಉದ್ದೇಶವಲ್ಲ; ಆದರೆ ಮೈಸೂರಿನ ಕಬ್ಬಿಣದ ಚರಿತ್ರೆಯನ್ನು ಅಲ್ಲಿಂದಲೇ ಪ್ರಾರಂಭಿಸುವ ಪಠ್ಯಪುಸ್ತಕಗಳು ಸತ್ಯದ ಅರ್ಧವನ್ನು ಮಾತ್ರ ಹೇಳುತ್ತವೆ. ಮಾಗಡಿ ಮಧುಗಿರಿಗಳ ಕಡೆಯ ವಾಚಕರು ತಮ್ಮ ಹೊಲದ ಬದುಗಳಲ್ಲಿ ಕಬ್ಬಿಣದ ಕಿಟ್ಟದ ರಾಶಿಯನ್ನು ಕಂಡರೆ, ಅದು ನೇಗಿಲಿಗೆ ಸಿಕ್ಕಿ ಚದುರುವ ಮುನ್ನ ಸ್ಥಳವನ್ನು ಗುರುತಿಸಿ, ಅಲ್ಲಿ ಹಿಂದೆ ಕೆಲಸಮಾಡುತ್ತಿದ್ದವರು ಯಾರೆಂಬುದನ್ನು ಊರ ಹಿರಿಯರಿಂದ ಕೇಳಿ ಬರೆದಿಡಬೇಕೆಂದು ಪ್ರಾರ್ಥಿಸುತ್ತೇನೆ.