ಮುಗಿಲ ವಂಶಾವಳಿ

ಮುಂಗಾರನ್ನು ಪಿತ್ರಾರ್ಜಿತ ಸೊತ್ತಿನಂತೆ ಪಡೆದು ಬಂದ ನಾಡು ನಮ್ಮದು. ಅದರ ಮೂಲಪುರುಷರನ್ನು ಅರಸಹೊರಟರೆ ಕಡಲಿಗೇ ಹೋಗಬೇಕು. ಉಷ್ಣವಲಯದ ಸಾಗರಗಳ ಮೇಲೆ ಮುಗಿಲುಗಳ ಆಳ್ವಿಕೆ ಅನಾದಿಯಾದುದು. ಆದರೆ ಆ ಆಳ್ವಿಕೆಯ ಒಳಗುಟ್ಟನ್ನು ಬರೆದಿಡುವ ಚರಿತ್ರಕಾರರು ದೊರೆತದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಸಮರಕ್ಕೆಂದು ಕಟ್ಟಿದ್ದ ಪಿಬಿವೈ ವಿಮಾನಕ್ಕೆ ಮಾಪಕಗಳನ್ನು ತೊಡಿಸಿ, ವುಡ್ಸ್ ಹೋಲ್ ಸಂಸ್ಥೆಯ ಜೋಆನ್ ಮಾಲ್ಕಸ್ ಮೋಡಗಳ ಒಡಲನ್ನೇ ಹೊಕ್ಕರು. 1958ರಲ್ಲಿ ಅವರೂ ಹರ್ಬರ್ಟ್ ರೀಲ್ ಅವರೂ ಮಂಡಿಸಿದ ಲೆಕ್ಕ ವಿದ್ವತ್ಸಭೆಗಳನ್ನು ಬೆರಗುಗೊಳಿಸಿತು: ಸಮಭಾಜಕ ವಲಯದ ಉಷ್ಣಭಾರವನ್ನೆಲ್ಲ ಆಕಾಶದ ನೆತ್ತಿಗೆ ಹೊತ್ತೊಯ್ಯಲು ಏಕಕಾಲಕ್ಕೆ 1500ರಿಂದ 5000 ದೈತ್ಯಮೇಘಗಳು ಸಾಕು! ಅವನ್ನು ಅವರು ‘ಬಿಸಿಗೋಪುರ’ಗಳೆಂದು ಕರೆದರು.

ಆದರೆ ಗೋಪುರಗಳು ಒಂದೇ ದಿನದಲ್ಲಿ ಏಳುವುದಿಲ್ಲ. ವಾಣಿಜ್ಯ ಮಾರುತಗಳ ಸೀಮೆಯಲ್ಲಿ ಹುಟ್ಟುವ ಹತ್ತಿಯ ಗುಪ್ಪೆಯಂಥ ಮೋಡ ಸುಮಾರು 2 ಕಿ.ಮೀ. ಎತ್ತರದಲ್ಲಿ ಬೆಚ್ಚನೆಯ ಗಾಳಿಪದರವೆಂಬ ಕೋಟೆಗೋಡೆಗೆ ತಲೆ ತಾಗಿಸಿ, ಸುತ್ತಲ ಒಣಗಾಳಿಯ ಮುತ್ತಿಗೆಯಲ್ಲಿ ಕರಗಿಹೋಗುತ್ತದೆ. ಸೋತಿತೆನ್ನುವುದು ಅವಸರದ ತೀರ್ಪು. ಅಳಿಯುವಾಗ ಅದು ತನ್ನ ತೇವವನ್ನೆಲ್ಲ ಆ ಗಾಳಿಗೇ ಧಾರೆಯೆರೆದಿರುತ್ತದೆ. ಹೀಗೆ ಮಡಿದವರ ಹಾದಿಯಲ್ಲಿ ಬರುವ ಪೀಳಿಗೆಗೆ ಶತ್ರುವಿನ ಕತ್ತಿ ಅಷ್ಟು ಹರಿತವಾಗಿರುವುದಿಲ್ಲ. ಈ ನಡುವಣ ಪೀಳಿಗೆ 5 ಕಿ.ಮೀ. ಆಸುಪಾಸು, ಹಿಮಗಡ್ಡೆ ಕರಗುವ ಮಟ್ಟದ ಬಳಿ, ತಡೆದು ನಿಲ್ಲುವುದುಂಟು. 1992–93ರಲ್ಲಿ ಪಶ್ಚಿಮ ಪೆಸಿಫಿಕ್‌ನಲ್ಲಿ ನಡೆದ ಮಹಾಪ್ರಯೋಗದಲ್ಲಿ ಇವುಗಳ ಬಾಹುಳ್ಯ ಎದ್ದುಕಂಡಿತು. ಆ ಗಡಿಯನ್ನೂ ಭೇದಿಸಿದವು, ಹನಿ ಹೆಪ್ಪುಗಟ್ಟುವಾಗ ಬಿಡುವ ಗುಪ್ತೋಷ್ಣದ ಬಲವನ್ನೂ ಪಡೆದು, 15 ಕಿ.ಮೀ. ಎತ್ತರಕ್ಕೂ ದಂಡೆತ್ತಿ ಹೋಗುತ್ತವೆ. ಪರಾಕಾಷ್ಠೆಯಲ್ಲೇ ಪತನದ ಬೀಜ: ಸುರಿವ ಮಳೆಯ ಒಂದು ಪಾಲು ದಾರಿಯಲ್ಲೇ ಆವಿಯಾಗಿ ಗಾಳಿಯನ್ನು ತಂಪಾಗಿಸುತ್ತದೆ, ಆ ಭಾರದ ಗಾಳಿ ಕುಸಿದು ಕಡಲ ಮೇಲೆ ಹರಡುತ್ತದೆ, ಗೋಪುರದ ಬುಡಕ್ಕೆ ಅನ್ನನೀರು ನಿಲ್ಲುತ್ತದೆ. ಹಡಗಿನ ಡೆಕ್ ಮೇಲೆ ನಿಂತವರ ಮುಖಕ್ಕೆ ಮಳೆಗಿಂತ ಮೊದಲು ರಾಚುವ ಶೀತಲ ಬೀಸು ಇದೇ. ಅದರ ಅಂಚಿನಲ್ಲಿ ಬಿಸಿಗಾಳಿ ಮೇಲಕ್ಕೆ ನೂಕಲ್ಪಟ್ಟು ಹೊಸ ಮೋಡಗಳಿಗೆ ಪಟ್ಟಾಭಿಷೇಕವಾಗುತ್ತದೆ.

ಈ ಚರಿತ್ರೆಗೆ ಬೆಂಗಳೂರೂ ಒಂದು ಪುಟ ಸೇರಿಸಿದೆ. 1984ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಹವರ್ತಿಗಳು ತೋರಿಸಿಕೊಟ್ಟಂತೆ, ಕಡಲ ಮೇಲ್ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಮಹಾಮೇಘಗಳು ವಿರಳ. ಮುಟ್ಟಿದರೂ ಸಿಂಹಾಸನ ಖಚಿತವಲ್ಲ. ಬಿಸಿಯೇರಿದ ಎಷ್ಟೋ ಕಡಲು ಬೋಳು ಬಾನಿನಡಿ ಬಿದ್ದಿರುತ್ತದೆ. 1999ರ ಜುಲೈ–ಆಗಸ್ಟ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ನಿಂತ ‘ಸಾಗರ ಕನ್ಯಾ’ ನೌಕೆಯಿಂದ, ಆ ಬಾನಿನ ತೇವವನ್ನು ಪದರಪದರವಾಗಿ ಅಳೆಯಲು, ಬಲೂನುಗಳು ಒಂದರ ಹಿಂದೊಂದು ಮೇಲೇರಿದವು.