ಕಡತ ಹಿಡಿದವರು: ಟಾರ್ಬೆಲ್‌ರಿಂದ ಸೇಮೂರ್ ಹರ್ಷ್‌ವರೆಗೆ

ಅಮೆರಿಕದ ತನಿಖಾ ಪತ್ರಿಕೋದ್ಯಮ ಎಂದೊಡನೆ ನಮಗೆ ನೆನಪಾಗುವುದು ವಾಟರ್‌ಗೇಟ್. ನೆಲಮಾಳಿಗೆಯ ಪಾರ್ಕಿಂಗ್ ಜಾಗದಲ್ಲಿ ವರದಿಗಾರನ ಕಿವಿಯಲ್ಲಿ ಉಸುರುವ ಹೆಸರಿಲ್ಲದ ಅಧಿಕಾರಿಯ ಚಿತ್ರವನ್ನು ಸಿನಿಮಾ ಅಳಿಸಲಾಗದಂತೆ ಅಚ್ಚೊತ್ತಿಬಿಟ್ಟಿದೆ. ಆದರೆ ಈ ವೃತ್ತಿಯ ನೂರಿಪ್ಪತ್ತು ವರ್ಷಗಳ ಚರಿತ್ರೆ ತಿರುವಿ ನೋಡಿದರೆ ಪಿಸುಮಾತಿಗಿಂತ ಕಾಗದವೇ ಹೆಚ್ಚು ಕೆಲಸ ಮಾಡಿದೆ ಅನ್ನಿಸುತ್ತದೆ. ವರದಿಗಾರ ಸೇಮೂರ್ ಹರ್ಷ್ ಅವರ ಏಳುಬೀಳುಗಳನ್ನೂ ಈ ಕಡೆಯಿಂದ ನೋಡುವುದೇ ಸರಿ.

ಮೊದಲ ದೊಡ್ಡ ಹೆಜ್ಜೆ ಐಡಾ ಟಾರ್ಬೆಲ್ ಅವರದು. ಪೆನ್ಸಿಲ್ವೇನಿಯಾದ ತೈಲ ಸೀಮೆಯಲ್ಲಿ ಬೆಳೆದವರು. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಒಡೆಯ ರಾಕ್‌ಫೆಲರ್ ಮತ್ತು ರೈಲ್ವೆ ಕಂಪನಿಗಳು ಒಳಗೊಳಗೇ ಮಾಡಿಕೊಂಡ ಒಪ್ಪಂದಗಳು ಸಣ್ಣ ವ್ಯಾಪಾರಿಗಳ ಬೆನ್ನು ಮುರಿದದ್ದನ್ನು ಎಳವೆಯಲ್ಲೇ ಕಂಡಿದ್ದರು. ಪೆಟ್ಟು ತಿಂದವರಲ್ಲಿ ಅವರ ತಂದೆಯೂ ಒಬ್ಬರು. ಸಿಟ್ಟು ಇಲ್ಲದಿರಲು ಸಾಧ್ಯವಿಲ್ಲ. ಆದರೂ 1902ರ ನವೆಂಬರಿನಿಂದ ‘ಮೆಕ್‌ಕ್ಲೂರ್ಸ್’ ಮಾಸಪತ್ರಿಕೆಯಲ್ಲಿ ಬಂದ ಸ್ಟ್ಯಾಂಡರ್ಡ್ ಆಯಿಲ್ ಲೇಖನಮಾಲೆಗೆ ಅವರು ಆಧಾರ ಮಾಡಿಕೊಂಡದ್ದು ಕೋರ್ಟಿನ ಸಾಕ್ಷ್ಯಗಳನ್ನು, ಸರ್ಕಾರಿ ವಿಚಾರಣೆಗಳ ವರದಿಗಳನ್ನು. ಎಲ್ಲವೂ ಯಾರು ಬೇಕಾದರೂ ತೆಗೆದು ಓದಬಹುದಾಗಿದ್ದ ಕಾಗದಗಳು. ಕೂತು ಓದುವವರು ಮಾತ್ರ ಇರಲಿಲ್ಲ.

ಒಂದು ಕಂತೆ ಮಾತ್ರ ಬೇರೆ ದಾರಿಯಿಂದ ಬಂತು. ಸ್ಟ್ಯಾಂಡರ್ಡ್ ಆಯಿಲ್‌ನ ಒಂದು ಘಟಕದಲ್ಲಿ ಹಳೆಯ ಕಾಗದ ಸುಡುವ ಕೆಲಸಕ್ಕಿದ್ದ ಹುಡುಗನಿಗೆ ಅವುಗಳಲ್ಲಿ ಪರಿಚಿತ ಹೆಸರೊಂದು ಕಂಡಿತು. ಅದು ಅವನಿಗೆ ಚರ್ಚಿನ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರ ಹೆಸರು; ಅವರು ಸ್ವಂತವಾಗಿ ತೈಲ ಸಂಸ್ಕರಣೆ ಮಾಡುತ್ತಿದ್ದರು. ಅವರ ಸರಕು ಯಾವ ರೈಲಿನಲ್ಲಿ, ಯಾವಾಗ, ಎಲ್ಲಿಗೆ ಹೊರಡುತ್ತದೆ ಎಂಬ ವಿವರ ಎದುರಾಳಿ ಕಂಪನಿಗೆ ತಲುಪುತ್ತಿತ್ತು. ಹುಡುಗ ಆ ಕಾಗದ ಸುಡಲಿಲ್ಲ. ಅದು ಆ ಗುರುಗಳ ಮೂಲಕ ಟಾರ್ಬೆಲ್ ಕೈಸೇರಿತು. 1911ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಸ್ಟ್ಯಾಂಡರ್ಡ್ ಆಯಿಲ್ 34 ಕಂಪನಿಗಳಾಗಿ ಒಡೆಯಿತು. ಅದಕ್ಕೆ ಟಾರ್ಬೆಲ್ ಒಬ್ಬರೇ ಕಾರಣ ಎಂದರೆ ಉತ್ಪ್ರೇಕ್ಷೆ, ಆದರೆ ಜನಾಭಿಪ್ರಾಯದ ನೆಲ ಹದ ಮಾಡಿದ್ದು ಅವರೇ.

ಆಮೇಲೆ ಎರಡು ಮಹಾಯುದ್ಧ, ನಂತರ ಕಮ್ಯುನಿಸ್ಟ್ ಬೇಟೆ. ಈ ಬಗೆಯ ಬರವಣಿಗೆಗೆ ಬಹುಕಾಲ ಬರಗಾಲ. 1953ರಲ್ಲಿ ಎಲ್ಲೂ ಕೆಲಸ ಸಿಗದ ಪತ್ರಕರ್ತ ಐ.ಎಫ್. ಸ್ಟೋನ್ ವಾಷಿಂಗ್ಟನ್ನಿನಲ್ಲಿ ತಮ್ಮದೇ ನಾಲ್ಕು ಪುಟದ ವಾರಪತ್ರಿಕೆ ತೆಗೆದರು. ಕಿವಿ ಮಂದ, ಪತ್ರಿಕಾಗೋಷ್ಠಿಗಳಿಂದ ದೂರ. ಹಾಗಾಗಿ ಸರ್ಕಾರ ಅಚ್ಚುಹಾಕಿದ್ದನ್ನೆಲ್ಲ ಓದುತ್ತಿದ್ದರು. 1957ರಲ್ಲಿ ನೆವಾಡಾದಲ್ಲಿ ನಡೆದ ಭೂಗತ ಅಣುಪರೀಕ್ಷೆಯ ಕಂಪನ 200 ಮೈಲಿಯಾಚೆ ಗೊತ್ತಾಗಲಿಲ್ಲ ಎಂದು ಅಣುಶಕ್ತಿ ಆಯೋಗ ಹೇಳಿತು. ಹಾಗಿದ್ದರೆ ಪರೀಕ್ಷೆ ನಿಷೇಧಿಸಿದರೂ ಕದ್ದು ಮಾಡುವವರನ್ನು ಹಿಡಿಯಲಾಗದು ಎಂಬ ವಾದಕ್ಕೆ ಅದು ಊರುಗೋಲು. ಟೋಕಿಯೊ, ರೋಮ್‌ಗಳಲ್ಲೂ ಕಂಪನ ದಾಖಲಾಯಿತೆಂಬ ಚುಟುಕು ಸುದ್ದಿಗಳನ್ನು ಸ್ಟೋನ್ ಎತ್ತಿಟ್ಟುಕೊಂಡಿದ್ದರು. ಮುಂದೆ ಸರ್ಕಾರದ್ದೇ ಭೂಕಂಪ ತಜ್ಞರನ್ನು ವಿಚಾರಿಸಿದಾಗ ದೂರದ ಅಲಾಸ್ಕಾದ ಯಂತ್ರವೂ ಅದನ್ನು ಹಿಡಿದಿತ್ತೆಂದು ತಿಳಿಯಿತು. ಆಯೋಗ ಮಾತು ತಿದ್ದಿಕೊಂಡಿತು.

ಈ ಸ್ಟೋನ್ ಹರ್ಷ್‌ಗೆ ಹಿರಿಯ ಗೆಳೆಯ. 1937ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ಹರ್ಷ್ ವಲಸೆ ಬಂದ ಯಹೂದಿ ಕುಟುಂಬದವರು. ಮನೆಯವರದು ಡ್ರೈಕ್ಲೀನಿಂಗ್ ಅಂಗಡಿ. ಪೊಲೀಸ್ ಸುದ್ದಿ ಬರೆಯುತ್ತ ಕಲಿತು, ಅಸೋಸಿಯೇಟೆಡ್ ಪ್ರೆಸ್‌ನ ಪೆಂಟಗನ್ ವರದಿಗಾರರಾಗಿ, ಅದನ್ನೂ ಬಿಟ್ಟು ಸ್ವತಂತ್ರ ಬರಹಗಾರರಾದರು.

1969ರ ಸೆಪ್ಟೆಂಬರಿನಲ್ಲಿ ಒಬ್ಬ ಸೇನಾಧಿಕಾರಿಯ ಮೇಲೆ ವಿಯೆಟ್ನಾಂ ನಾಗರಿಕರ ಕೊಲೆ ಆರೋಪ ಹೊರಿಸಲಾಗಿದೆ ಎಂಬ ಸಣ್ಣ ಸುದ್ದಿ ಪತ್ರಿಕೆಗಳ ಒಳಪುಟದಲ್ಲಿ ಬಂದಿತ್ತು. ಯಾರೂ ಬೆನ್ನು ಹತ್ತಲಿಲ್ಲ. ವಕೀಲರೊಬ್ಬರಿಂದ ಸುಳಿವು ಸಿಕ್ಕ ಮೇಲೆ ಹರ್ಷ್ ಹಳೆಯ ಪತ್ರಿಕೆಗಳಲ್ಲಿ ಅದನ್ನು ಹುಡುಕಿ ತೆಗೆದರು. ಆರೋಪಿ ವಿಲಿಯಂ ಕ್ಯಾಲಿಯ ವಕೀಲರನ್ನು ಕಾಣಲು ಸಾಲ್ಟ್ ಲೇಕ್ ಸಿಟಿಗೆ ಹೋದರು. ಮೇಜಿನಾಚೆ ವಕೀಲರ ಮುಂದೆ ಆರೋಪಪಟ್ಟಿ ಇತ್ತು. ಹರ್ಷ್ ಮಾತಾಡುತ್ತಲೇ ಅದನ್ನು ತಲೆಕೆಳಗಾಗಿ ಓದಿ ಬರೆದುಕೊಂಡರು: 109 ಮಂದಿಯ ಕೊಲೆ. ಅಲ್ಲಿಂದ ಫೋರ್ಟ್ ಬೆನಿಂಗ್ ಸೇನಾನೆಲೆಗೆ ಹೋಗಿ ದಿನವಿಡೀ ಅಲೆದು ಕ್ಯಾಲಿಯನ್ನೇ ಪತ್ತೆ ಹಚ್ಚಿದರು.

ದೊಡ್ಡ ಪತ್ರಿಕೆಗಳಾದ ‘ಲೈಫ್’, ‘ಲುಕ್’ ಬೇಡವೆಂದವು. ನವೆಂಬರಿನಲ್ಲಿ ಡಿಸ್‌ಪ್ಯಾಚ್ ನ್ಯೂಸ್ ಸರ್ವಿಸ್ ಎಂಬ ಪುಟ್ಟ ಸಂಸ್ಥೆ ವರದಿಯನ್ನು ಪತ್ರಿಕೆಗಳಿಗೆ ಮಾರಿತು. ಓಡಾಟದ ಖರ್ಚಿಗೆ ಒದಗಿದ ಮೊದಲ ನೆರವು ತನಿಖಾ ಪತ್ರಿಕೋದ್ಯಮ ನಿಧಿಯ 250 ಡಾಲರ್. ವಿಯೆಟ್ನಾಂನ ಮೈ ಲಾಯ್ ಹಳ್ಳಿಯ ಹತ್ಯಾಕಾಂಡ ಹೀಗೆ ಲೋಕಕ್ಕೆ ತಿಳಿಯಿತು. 1970ರಲ್ಲಿ ಪುಲಿಟ್ಜರ್ ಬಂತು. ಸೇನೆಯ ತನಿಖೆಗೇ ಮೊದಲು ಕಾರಣರಾದ, ಅಧಿಕಾರಿಗಳಿಗೂ ಸಂಸತ್ ಸದಸ್ಯರಿಗೂ ಪತ್ರ ಬರೆದ ಮಾಜಿ ಸೈನಿಕ ರಾನ್ ರೈಡನವರ್ ಹೆಸರು ಮಾತ್ರ ಅಷ್ಟಾಗಿ ಯಾರಿಗೂ ನೆನಪಿಲ್ಲ. ಅನ್ಯಾಯವೇ ಸರಿ.

ಭಾರತೀಯರಿಗೆ ಹರ್ಷ್ ಪರಿಚಯವಾದದ್ದು ಬೇರೆ ಕಾರಣಕ್ಕೆ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಕಿಸಿಂಜರ್ ಕುರಿತ 1983ರ ಪುಸ್ತಕದಲ್ಲಿ ಮೊರಾರ್ಜಿ ದೇಸಾಯಿ ಸಿಐಎಯಿಂದ ಹಣ ಪಡೆದ ಮಾಹಿತಿದಾರರಾಗಿದ್ದರು ಎಂದು ಬರೆದರು. ಆಧಾರ, ಹೆಸರು ಹೇಳದ ಅಧಿಕಾರಿಗಳು. ಮೊರಾರ್ಜಿ ಸಾರಾಸಗಟಾಗಿ ತಳ್ಳಿಹಾಕಿ ಷಿಕಾಗೊ ಕೋರ್ಟಿನಲ್ಲಿ ಮಾನನಷ್ಟ ದಾವೆ ಹೂಡಿದರು. ಕಿಸಿಂಜರ್ ಕೂಡ ಅಂಥದ್ದೇನೂ ತಮಗೆ ಗೊತ್ತಿಲ್ಲವೆಂದು ಸಾಕ್ಷಿ ಹೇಳಿದರು. 1989ರಲ್ಲಿ ಜ್ಯೂರಿ ಹರ್ಷ್ ಪರ ನಿಂತಿತು. ಆದರೆ ಸಾರ್ವಜನಿಕ ವ್ಯಕ್ತಿಗಳು ಅಮೆರಿಕದಲ್ಲಿ ಇಂಥ ದಾವೆ ಗೆಲ್ಲಬೇಕಾದರೆ, ಬರೆದದ್ದು ಸುಳ್ಳೆಂದು ಮಾತ್ರವಲ್ಲ, ಸುಳ್ಳೆಂದು ಗೊತ್ತಿದ್ದೇ ಅಥವಾ ಸತ್ಯಾಸತ್ಯದ ಗೊಡವೆಯಿಲ್ಲದೇ ಬರೆದರೆಂದೂ ತೋರಿಸಬೇಕು. 1964ರ ಸಲಿವನ್ ತೀರ್ಪಿನ ನಂತರದ ನಿಯಮ ಇದು. ಹರ್ಷ್ ಗೆದ್ದರು, ಆರೋಪ ರುಜುವಾಗಲಿಲ್ಲ.

ಕಾಗದವೂ ಮೋಸ ಮಾಡುತ್ತದೆ. ಕೆನಡಿ ಕುರಿತ 1997ರ ಪುಸ್ತಕಕ್ಕೆಂದು ಹರ್ಷ್ ನಂಬಿದ್ದ ಕೆನಡಿ–ಮರಿಲಿನ್ ಮನ್ರೋ ದಾಖಲೆಗಳು ಖೋಟಾ. 1963ರಲ್ಲಷ್ಟೇ ಜಾರಿಗೆ ಬಂದ ಜಿಪ್ ಕೋಡ್ ಎಂಬ ಅಂಚೆ ಸಂಖ್ಯೆ ಅದಕ್ಕೂ ಹಿಂದಿನ ತಾರೀಕಿನ ಪತ್ರದಲ್ಲಿತ್ತು! ಪುಸ್ತಕ ಹೊರಬರುವ ಮೊದಲೇ ಆ ಭಾಗ ಕೈಬಿಟ್ಟರು. ಕಾಗದವಾದ್ದರಿಂದ ಪರೀಕ್ಷಿಸಲು ಆಯಿತು. 2004ರಲ್ಲಿ ಇರಾಕಿನ ಅಬು ಘ್ರೈಬ್ ಜೈಲಿನ ಚಿತ್ರಹಿಂಸೆಯನ್ನು ‘ನ್ಯೂಯಾರ್ಕರ್’ನಲ್ಲಿ ಬರೆದಾಗ ಅವರ ಕೈಯಲ್ಲಿದ್ದದ್ದು ಮೇಜರ್ ಜನರಲ್ ಟಗೂಬಾ ಬರೆದ 53 ಪುಟಗಳ ಸೇನಾ ವರದಿ. ಅದನ್ನು ಯಾರಿಂದಲೂ ಅಲ್ಲಾಡಿಸಲಾಗಲಿಲ್ಲ.

ವೃತ್ತಿ ಮುಂದೆ ಹಿಡಿದ ದಾರಿಯೂ ಅದೇ. 2016ರ ಪನಾಮಾ ಪೇಪರ್ಸ್‌ನಲ್ಲಿ ಸೋರಿಕೆಯಾದ 1.15 ಕೋಟಿ ಕಡತಗಳನ್ನು ಹಲವಾರು ದೇಶಗಳ ವರದಿಗಾರರು ಹಂಚಿಕೊಂಡು ಓದಿದರು. ನಮ್ಮ ‘ಇಂಡಿಯನ್ ಎಕ್ಸ್‌ಪ್ರೆಸ್’ ಕೂಡ ಆ ಕೂಟದಲ್ಲಿತ್ತು. ಹರ್ಷ್ ಮಾತ್ರ ಒಂಟಿಯಾಗಿಯೇ ನಡೆದರು. ಬಿನ್ ಲಾಡೆನ್ ಹತ್ಯೆಯ ಅಧಿಕೃತ ಕಥೆ ಸುಳ್ಳೆಂದು 2015ರಲ್ಲಿ ಬರೆದದ್ದು ಹೆಚ್ಚಾಗಿ ಹೆಸರಿಲ್ಲದ ಒಬ್ಬ ನಿವೃತ್ತ ಅಧಿಕಾರಿಯನ್ನು ನೆಚ್ಚಿ. 2023ರ ಫೆಬ್ರವರಿಯಲ್ಲಿ, ರಷ್ಯಾದಿಂದ ಜರ್ಮನಿಗೆ ಹೋಗುವ ನಾರ್ಡ್ ಸ್ಟ್ರೀಮ್ ಅನಿಲ ಕೊಳವೆಯನ್ನು ಸ್ಫೋಟಿಸಿದ್ದು ಅಮೆರಿಕವೇ ಎಂದು ಸಬ್‌ಸ್ಟ್ಯಾಕ್‌ನಲ್ಲಿ ಬರೆದರು. ಅದಕ್ಕೂ ಆಧಾರ ಹೆಸರಿಲ್ಲದ ಒಬ್ಬ ವ್ಯಕ್ತಿ. ಶ್ವೇತಭವನ ನಿರಾಕರಿಸಿತು; ಜರ್ಮನಿಯ ತನಿಖೆ ಉಕ್ರೇನಿನವರತ್ತ ತಿರುಗಿತು. ಹರ್ಷ್ ತಮ್ಮ ಮಾತಿಗೇ ಅಂಟಿಕೊಂಡರು.