ರೋಮನಿವಾರಣೆಯ ವಿದ್ಯೆಯೂ ಲಿಂಗಪರಿವರ್ತನೆಯ ಪಥವೂ

ಗಂಡೆಂದು ಗುರುತಿಸಲ್ಪಟ್ಟು ಹುಟ್ಟಿ, ಹೆಣ್ಣಾಗಿ ಬಾಳಲು ಹೊರಟವರಿಗೆ ದೇಹವು ಒಡ್ಡುವ ಅಡ್ಡಿಗಳಲ್ಲಿ ಅತ್ಯಂತ ಹಠಮಾರಿಯಾದುದು ಮುಖದ ರೋಮ. ಉಡುಗೆ ಒಂದೇ ದಿನದಲ್ಲಿ ಬದಲಾದೀತು; ಕಂಠವನ್ನು ಅಭ್ಯಾಸಬಲದಿಂದ ತಿದ್ದಿಕೊಳ್ಳಬಹುದು; ಈಸ್ಟ್ರೋಜನ್ನೂ ಪುರುಷ ಹಾರ್ಮೋನನ್ನು ತಡೆಯುವ ಔಷಧಗಳೂ ಸೇರಿ, ಆರು ತಿಂಗಳಿಂದ ಒಂದು ವರ್ಷದೊಳಗೆ ಎದೆ, ತೋಳು, ಕಾಲುಗಳ ಕೂದಲನ್ನು ತೆಳುವಾಗಿಸತೊಡಗಿ, ಮೂರು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ ತಮ್ಮ ಪೂರ್ಣ ಪರಿಣಾಮವನ್ನು ತೋರಿಸುತ್ತವೆ. ಆದರೆ ಯೌವನಾರಂಭದಲ್ಲಿ ಒಮ್ಮೆ ಬಲಿತ ಗಡ್ಡಮೀಸೆಗಳು ಈ ಔಷಧಗಳಿಂದ ತುಸು ನಿಧಾನವಾದಾವೇ ಹೊರತು ಬುಡದಿಂದ ಹೋಗುವುದಿಲ್ಲ. ಬೆಳಿಗ್ಗೆ ಎಷ್ಟೇ ನುಣುಪಾಗಿ ಬೋಳಿಸಿಕೊಂಡರೂ ಮಧ್ಯಾಹ್ನದ ಹೊತ್ತಿಗೆ ಗಲ್ಲದ ಮೇಲೆ ಮೂಡುವ ನಸುನೀಲಿ ಛಾಯೆಯು, ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಚೇರಿಯ ಸರತಿಯಲ್ಲಿ ಅಪರಿಚಿತರ ಕಣ್ಣಿಗೆ ಬಿದ್ದೀತೆಂಬ ಅಂಜಿಕೆಯಲ್ಲಿಯೇ ಎಷ್ಟೋ ಮಂದಿಯ ದಿನಗಳು ಸವೆದಿವೆ. ಈ ರೋಮವನ್ನು ಬೇರುಸಹಿತ ನೀಗಿಸುವ ವಿದ್ಯೆಯಾದರೋ ಇವರಿಗಾಗಿ ಹುಟ್ಟಿದುದಲ್ಲ. ಕಣ್ಣಿನ ವೈದ್ಯದಲ್ಲಿ ಹುಟ್ಟಿ, ಸೌಂದರ್ಯದ ವ್ಯಾಪಾರದಲ್ಲಿ ಬೆಳೆದು, ಬಹುಕಾಲದ ತರುವಾಯ ಇವರನ್ನು ತಲುಪಿತು. ಇವರ ಪಾಲಿಗೆ ಅದು ಅಲಂಕಾರವಲ್ಲ, ಚಿಕಿತ್ಸೆ ಎಂಬುದನ್ನು ವೈದ್ಯಶಾಸ್ತ್ರವು ಒಪ್ಪಿಕೊಳ್ಳಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಕೂದಲನ್ನು ತೆಗೆಯುವ ಯತ್ನವೇನೋ ಪುರಾತನವಾದುದೇ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವ್ರಣಚಿಕಿತ್ಸೆಯ ಉಪಕ್ರಮಗಳನ್ನು ನಿರೂಪಿಸುವೆಡೆ ರೋಮವನ್ನು ಉದುರಿಸುವ ಯೋಗವೊಂದುಂಟು: ಶಂಖದ ಚೂರ್ಣ ಎರಡು ಭಾಗ, ಹರಿತಾಲ ಒಂದು ಭಾಗ, ಎರಡನ್ನೂ ಹುಳಿರಸದಲ್ಲಿ ಅರೆದ ಲೇಪ. ಹರಿತಾಲವೆಂಬುದು ಆರ್ಸೆನಿಕ್ ಮತ್ತು ಗಂಧಕಗಳ ಸಂಯುಕ್ತ. ಸುಣ್ಣದೊಡನೆ ಅದನ್ನು ಬೆರೆಸಿದ ಲೇಪವು ಪಾರಸಿಕ ಮತ್ತು ತುರ್ಕಿ ಸ್ನಾನಗೃಹಗಳಲ್ಲಿಯೂ ಶತಮಾನಗಳ ಕಾಲ ಬಳಕೆಯಲ್ಲಿತ್ತು. ಇಂದಿನ ಕ್ರೀಮುಗಳು ಆ ವಿಷವನ್ನು ಕೈಬಿಟ್ಟು ಬೇರೆ ರಾಸಾಯನಿಕಗಳನ್ನು ಹಿಡಿದಿವೆಯಾದರೂ ಅವು ಕರಗಿಸುವುದು ಚರ್ಮದ ಮೇಲಿನ ಕೂದಲನ್ನು ಮಾತ್ರ. ಬುಡಕ್ಕೆ ಅವುಗಳ ಕೈ ಎಟಕುವುದಿಲ್ಲ.

ನಮ್ಮ ದೇಶದ ಹಿಜಡಾ ಸಮುದಾಯದವರು ಈ ಬುಡದ ಸಮಸ್ಯೆಗೆ ಕಂಡುಕೊಂಡ ಪರಿಹಾರವೆಂದರೆ ಚಿಮಟ. ಅನೇಕ ಗುರುಮನೆಗಳಲ್ಲಿ ಕ್ಷೌರದ ಕತ್ತಿಗೆ ಪ್ರವೇಶವಿರಲಿಲ್ಲ; ಕತ್ತಿಯು ಕೂದಲನ್ನು ಒರಟಾಗಿಸುವುದೆಂದೂ, ಬೋಳಿಸಿಕೊಳ್ಳುವುದು ಗಂಡಸಿನ ಚರ್ಯೆಯೆಂದೂ ಹಿರಿಯರು ಚೇಲಾಗಳಿಗೆ ಹೇಳಿಕೊಡುತ್ತಿದ್ದರು. ಬೆಳಗಿನ ಬೆಳಕಿಗೆ ಮುಖವೊಡ್ಡಿ ಕುಳಿತು, ಮೊಣಕಾಲಿಗೆ ಪುಟ್ಟ ಕನ್ನಡಿಯನ್ನು ಆನಿಸಿ, ಎಡಗೈ ಬೆರಳಿನಿಂದ ಗಲ್ಲವನ್ನು ಸವರುತ್ತ, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಾಗುವ ಮೊಳಕೆಯನ್ನು ಪತ್ತೆಹಚ್ಚಿ, ಬಲಗೈಯ ಚಿಮಟದಿಂದ ಒಂದೊಂದನ್ನೇ ಕೀಳುವ ಈ ಕಾರ್ಯವು ಮಾತುಕತೆಯ ನಡುವೆ ಗಂಟೆಗಟ್ಟಲೆ ಸಾಗುವುದು. ಇದರಲ್ಲಿ ಸಹನೆಯೂ ಸಾಂಗತ್ಯವೂ ಉಂಟು. ಆದರೆ ಕಿತ್ತ ಕೂದಲು ಕೆಲವು ವಾರಗಳಲ್ಲಿ ಮರಳಿ ಹುಟ್ಟುವುದು. ವರ್ಷಾನುಗಟ್ಟಲೆ ಕಿತ್ತ ಚರ್ಮದಲ್ಲಿ ಕೂದಲು ಒಳಮುಖವಾಗಿ ಬೆಳೆದು ಗುಳ್ಳೆಗಳೇಳುವುದೂ, ಕಪ್ಪು ಕಲೆಗಳು ಉಳಿಯುವುದೂ ಸಾಮಾನ್ಯ. ಕತ್ತಿಯು ಕೂದಲನ್ನು ದಪ್ಪಗೊಳಿಸುವುದೆಂಬ ನಂಬಿಕೆಗೆ ಆಧಾರವಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು; ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಹಾಗೆ ತೋರುವುದಷ್ಟೆ.

ಶಾಶ್ವತ ನಿವಾರಣೆಯ ಇತಿಹಾಸವು ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಪ್ರಾರಂಭವಾಗುತ್ತದೆ. ಅಲ್ಲಿನ ನೇತ್ರವೈದ್ಯ ಚಾರ್ಲ್ಸ್ ಮಿಷೆಲ್, ರೆಪ್ಪೆಯ ಕೂದಲು ಒಳಮುಖವಾಗಿ ಬೆಳೆದು ಕಣ್ಣುಗುಡ್ಡೆಯನ್ನು ಉಜ್ಜುವ ವ್ಯಾಧಿಗೆ ವಿದ್ಯುತ್ತಿನ ಪರಿಹಾರವೊಂದನ್ನು ಕಂಡುಕೊಂಡು 1875ರಲ್ಲಿ ಪ್ರಕಟಿಸಿದರು. ಅವರ ವಿಧಾನದ ಸಾರವು ಇಂದಿಗೂ ಬದಲಾಗಿಲ್ಲ. ಕೂದಲಿನ ಪಕ್ಕದಲ್ಲಿಯೇ, ಅದು ಹೊರಬರುವ ರಂಧ್ರದೊಳಕ್ಕೆ, ಚರ್ಮವನ್ನು ಚುಚ್ಚದಂತೆ ಅತಿಸೂಕ್ಷ್ಮವಾದ ಸೂಜಿಯೊಂದನ್ನು ಜಾರಿಸಿ, ಅದನ್ನು ವಿದ್ಯುತ್ತಿನ ಋಣಧ್ರುವಕ್ಕೆ ಜೋಡಿಸುತ್ತಾರೆ. ಅಂಗಾಂಶದೊಳಗಿನ ಉಪ್ಪು ಮತ್ತು ನೀರು ವಿಭಜನೆಗೊಂಡು ಸೂಜಿಯ ಸುತ್ತ ಕಾಸ್ಟಿಕ್ ಸೋಡಾ ಉತ್ಪನ್ನವಾಗಿ, ಕೂದಲನ್ನು ಬೆಳೆಸುವ ಕೋಶಗಳನ್ನು ಅದು ಸುಟ್ಟುಹಾಕುತ್ತದೆ. ರಂಧ್ರದ ಬಾಯಲ್ಲಿ ಬಿಳಿಯ ನೊರೆಯೊಂದು ಕಾಣಿಸಿಕೊಳ್ಳುವುದುಂಟು. ಕೆಲವು ಕ್ಷಣಗಳ ನಂತರ ಚಿಮಟದಿಂದ ಎತ್ತಿದಾಗ ಕೂದಲು ಯಾವ ಸೆಳೆತವೂ ಇಲ್ಲದೆ, ಬುಡದ ತಿಳಿಯಾದ ಪೊರೆಯೊಡನೆ ಜಾರಿ ಬರಬೇಕು. ಕಿತ್ತಂತೆ ನೋವಾದರೆ ಬೇರು ಸತ್ತಿಲ್ಲವೆಂದೇ ಅರ್ಥ. ಚಿಕಿತ್ಸೆ ಮಾಡಿಸಿಕೊಳ್ಳುವವರು ತಮ್ಮ ಚಿಕಿತ್ಸಕರ ಕೌಶಲವನ್ನು ಅಳೆಯಲು ಇದಕ್ಕಿಂತ ನಂಬಲರ್ಹವಾದ ಲಕ್ಷಣವಿಲ್ಲ.

ಈ ವಿಧಾನದ ನಿಧಾನಗತಿಯನ್ನು ಸಹಿಸಲಾರದ ಜನ ಬೇರೆ ದಾರಿಗಳನ್ನು ಅರಸಿದರು, ಮತ್ತು ಆ ಅರಸಾಟದ ಕಥೆಯು ದಾರುಣವಾದುದು. 1896ರಲ್ಲಿ ವಿಯೆನ್ನಾದ ಲಿಯೋಪೋಲ್ಡ್ ಫ್ರಾಯಿಂಡ್, ಆಗತಾನೆ ಆವಿಷ್ಕೃತವಾಗಿದ್ದ ಎಕ್ಸ್-ಕಿರಣಗಳಿಂದ ಬಾಲಕಿಯೊಬ್ಬಳ ಬೆನ್ನಿನ ರೋಮಭರಿತ ಮಚ್ಚೆಯನ್ನು ಬರಿದುಮಾಡಿದರು. ನೋವಿಲ್ಲದ ಈ ಕಿರಣವು 1920ರ ದಶಕದಲ್ಲಿ ಅಮೆರಿಕದ ಸೌಂದರ್ಯಗೃಹಗಳಿಗೆ ‘ಟ್ರೈಕೊ’ ಎಂಬ ಹೆಸರಿನ ಯಂತ್ರವಾಗಿ ಬಂದು, ಗಲ್ಲದ ಕೂದಲನ್ನು ನಿಜವಾಗಿಯೂ ಉದುರಿಸಿ, ವರ್ಷಗಳ ನಂತರ ಚರ್ಮವನ್ನು ಸುಕ್ಕುಗಟ್ಟಿಸಿ, ಹುಣ್ಣಾಗಿಸಿ, ಹಲವರಿಗೆ ಅರ್ಬುದರೋಗವನ್ನು ತಂದಿತು. 1930ರ ದಶಕದ ಆದಿಯಲ್ಲಿ ಮಾರಾಟವಾದ ‘ಕೊರೆಮ್ಲು’ ಎಂಬ ಲೇಪದಲ್ಲಿ ಇಲಿಪಾಷಾಣವಾಗಿ ಬಳಸುತ್ತಿದ್ದ ಥ್ಯಾಲಿಯಂ ಇತ್ತು. ಬಳಸಿದ ಹೆಂಗಸರ ನರಗಳೇ ಕೆಟ್ಟವು. ಬರ್ಲಿನ್ನಿನಲ್ಲಿ 1919ರಲ್ಲಿ ಮಾಗ್ನಸ್ ಹಿರ್ಷ್‌ಫೆಲ್ಡ್ ಸ್ಥಾಪಿಸಿ, 1933ರಲ್ಲಿ ನಾಜಿಗಳು ಧ್ವಂಸಮಾಡಿದ ಲೈಂಗಿಕ ವಿಜ್ಞಾನ ಸಂಸ್ಥೆಯಲ್ಲಿಯೂ, ಹೆಣ್ಣಾಗಬಯಸಿದವರ ಗಡ್ಡವನ್ನು ತೆಗೆಯಲು ಎಕ್ಸ್-ಕಿರಣವನ್ನೇ ಬಳಸುತ್ತಿದ್ದರು. ಅದರಿಂದ ಕೆಲವೊಮ್ಮೆ ಸುಟ್ಟಗಾಯಗಳಾಗುತ್ತಿದ್ದವು. ಲಿಂಗಪರಿವರ್ತನೆಯನ್ನು ಸಹಾನುಭೂತಿಯಿಂದ ನೋಡಿದ ಮೊದಲ ವೈದ್ಯಕೀಯ ಸಂಸ್ಥೆಗಳಲ್ಲೊಂದು ಗಡ್ಡದ ಪ್ರಶ್ನೆಯನ್ನು ಅಂದೇ ಚಿಕಿತ್ಸೆಯ ಭಾಗವಾಗಿ ಸ್ವೀಕರಿಸಿತ್ತೆಂಬುದನ್ನು ನಾನು ಗೌರವದಿಂದ ಸ್ಮರಿಸುತ್ತೇನೆ. ಅದರ ಕೈಯಲ್ಲಿದ್ದ ಉಪಕರಣವು ಕ್ರೂರವಾಗಿತ್ತೆಂಬುದು ಆ ಕಾಲದ ದುರದೃಷ್ಟ.

ಸೂಜಿಯೇ ಕಡೆಗೆ ಉಳಿದುಕೊಂಡಿತು. 1924ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಆನ್ರಿ ಬೋರ್ಡಿಯೇ ಅದೇ ಸೂಜಿಯಲ್ಲಿ ಅಧಿಕ ಆವರ್ತನದ ವಿದ್ಯುತ್ತನ್ನು ಹರಿಸಿ, ಕ್ಷಾರದ ಬದಲು ಶಾಖದಿಂದ ಬೇರನ್ನು ಕೊಲ್ಲುವ ಮಾರ್ಗವನ್ನು ತೋರಿಸಿದರು. ಮುಂದೆ ಅಮೆರಿಕದ ಸೇಂಟ್ ಪಿಯರ್ ಮತ್ತು ಹಿಂಕೆಲ್ ಎಂಬಿಬ್ಬರು ಎರಡನ್ನೂ ಒಗ್ಗೂಡಿಸಿದ ಮಿಶ್ರವಿಧಾನಕ್ಕೆ 1948ರಲ್ಲಿ ಪೇಟೆಂಟ್ ಪಡೆದರು. 1952ರಲ್ಲಿ ಕ್ರಿಸ್ಟೀನ್ ಯೋರ್ಗೆನ್‌ಸೆನ್ ಕೋಪನ್‌ಹೇಗನ್ನಿನಲ್ಲಿ ಲಿಂಗಪರಿವರ್ತನೆಯ ಚಿಕಿತ್ಸೆ ಪಡೆದ ವಾರ್ತೆಯು ಜಗತ್ತಿನಾದ್ಯಂತ ಹಬ್ಬಿದ ಮೇಲೆ, ಅದೇ ಹಾದಿ ಹಿಡಿದ ಸಾವಿರಾರು ಮಂದಿಗೆ ಗಡ್ಡ ನಿವಾರಣೆಯೆಂದರೆ ಈ ಸೂಜಿಯ ಕೆಳಗೆ ಕಳೆಯುವ ನೂರಾರು ಗಂಟೆಗಳೇ ಆದವು. ಇದರಲ್ಲೊಂದು ವಿಶೇಷ ಸಂಕಟವಿತ್ತು. ಸೂಜಿ ಹಿಡಿಯುವವರಿಗೆ ಕೂದಲು ಕಾಣಬೇಕು. ಕಾಣಬೇಕಾದರೆ ಕೆಲವು ದಿನ ಬೋಳಿಸದೆ ಬಿಡಬೇಕು. ಹೆಣ್ಣಾಗಿ ಕಚೇರಿಗೆ ಹೋಗುವವಳು ಗಲ್ಲದ ಮೇಲೆ ಮೊಳಕೆಯೊಡೆದ ಗಡ್ಡದೊಡನೆ ಆ ದಿನಗಳನ್ನು ಹೇಗೆ ಕಳೆಯಬೇಕು? ಶಸ್ತ್ರಚಿಕಿತ್ಸೆಗೆ ಮುನ್ನ ನಿಗದಿತ ಅವಧಿಯವರೆಗೆ ಹೆಣ್ಣಾಗಿಯೇ ಬಾಳಿ ತೋರಿಸಬೇಕೆಂದು ಅಂದಿನ ವೈದ್ಯಕೀಯ ನಿಯಮಗಳು ವಿಧಿಸುತ್ತಿದ್ದವು. ವೈದ್ಯ ಹ್ಯಾರಿ ಬೆಂಜಮಿನ್ನರ ಹೆಸರಿನ ಅಂತರರಾಷ್ಟ್ರೀಯ ಸಂಘವು 2001ರಲ್ಲಿ ಹೊರಡಿಸಿದ, ಲಿಂಗಪರಿವರ್ತನೆಯ ಚಿಕಿತ್ಸಾ ಮಾನದಂಡಗಳ ಆರನೆಯ ಆವೃತ್ತಿಯು ಈ ಬಿಕ್ಕಟ್ಟನ್ನು ಅರಿತು, ಸ್ತ್ರೀಜೀವನವನ್ನು ಪ್ರಾರಂಭಿಸುವ ಮೊದಲೇ ಗಡ್ಡದ ಚಿಕಿತ್ಸೆಯನ್ನು ಹಿಡಿಯುವುದು ಲೇಸೆಂದೂ, ಅದಕ್ಕೆ ವೈದ್ಯರ ಅನುಮತಿಪತ್ರ ಬೇಕಿಲ್ಲವೆಂದೂ, ಅನೇಕರಿಗೆ ಎರಡು ವರ್ಷ ಹಿಡಿಯುವುದೆಂದೂ ಹೇಳಿತು.

ಅಷ್ಟರಲ್ಲಿ ಬೆಳಕಿನ ಯುಗ ಬಂದಿತ್ತು. 1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ ಎಂಬ ವಿಜ್ಞಾನಿಗಳು, ಸುತ್ತಲಿನ ಅಂಗಾಂಶವನ್ನು ಸುಡದೆ ಬಣ್ಣವುಳ್ಳ ಗುರಿಯೊಂದನ್ನೇ ಬೆಳಕಿನ ಕಿರುಮಿಡಿತದಿಂದ ಕಾಯಿಸಿ ನಾಶಪಡಿಸಬಹುದೆಂಬ ತತ್ವವನ್ನು ಪ್ರತಿಪಾದಿಸಿದರು. 1990ರ ದಶಕದ ಮಧ್ಯದಲ್ಲಿ ಅದು ರೋಮನಿವಾರಣೆಯ ಲೇಸರ್ ಆಗಿ ಚಿಕಿತ್ಸಾಲಯಗಳನ್ನು ಸೇರಿತು. ಕೂದಲಿನ ಕಪ್ಪುವರ್ಣವೇ ಇಲ್ಲಿ ಗುರಿ. ಇದರಲ್ಲಿಯೇ ನಮ್ಮಂಥವರ ಕಷ್ಟವೂ ಅಡಗಿತ್ತು. ಏಕೆಂದರೆ ಶ್ಯಾಮಲವರ್ಣದ ಚರ್ಮದಲ್ಲಿಯೂ ಅದೇ ವರ್ಣದ್ರವ್ಯವಿದ್ದು, 694 ನ್ಯಾನೊಮೀಟರಿನ ಮೊದಲ ರೂಬಿ ಲೇಸರುಗಳು ಬಿಳಿಯ ಚರ್ಮಕ್ಕೆ ಒಗ್ಗಿದಂತೆ ಕಂದುಚರ್ಮಕ್ಕೆ ಒಗ್ಗಲಿಲ್ಲ. ಚರ್ಮದ ಮೇಲ್ಪದರವನ್ನು ದಾಟಿ ಆಳಕ್ಕಿಳಿಯುವ 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರ್ ಬಂದ ಮೇಲೆಯೇ ಭಾರತೀಯರ ಚರ್ಮಕ್ಕೆ ತಕ್ಕಮಟ್ಟಿನ ಅಭಯ ದೊರಕಿತು. ಚಿಕಿತ್ಸೆಗೆ ಹೋಗುವವರು ಯಂತ್ರದ ತರಂಗಾಂತರವನ್ನು ಸಂಕೋಚವಿಲ್ಲದೆ ಕೇಳಿ ತಿಳಿಯಬೇಕು. ಕಿವಿಯ ಹಿಂದೆಯೋ ದವಡೆಯ ಅಂಚಿನಲ್ಲಿಯೋ ಚಿಕ್ಕ ಜಾಗದಲ್ಲಿ ಪರೀಕ್ಷಿಸಿ, ಕೆಲವು ದಿನ ಕಾದು ನೋಡದೆ ಇಡೀ ಮುಖವನ್ನು ಒಪ್ಪಿಸಬಾರದು. ಬೆಳವಣಿಗೆಯ ಹಂತದಲ್ಲಿರುವ ಕೂದಲಿಗೆ ಮಾತ್ರ ಬೆಳಕು ತಗಲುವುದರಿಂದ ನಾಲ್ಕರಿಂದ ಆರು ವಾರಗಳಿಗೊಮ್ಮೆ ಹಲವು ಬಾರಿ ಹೋಗಬೇಕಾಗುತ್ತದೆ. ಅದಕ್ಕೂ ಮೊದಲಿನ ವಾರಗಳಲ್ಲಿ ಚಿಮಟ, ದಾರ, ವ್ಯಾಕ್ಸ್ ಇವನ್ನು ಸಂಪೂರ್ಣ ವರ್ಜಿಸಿ ಕೇವಲ ಕ್ಷೌರಕ್ಕೆ ಅಂಟಿಕೊಳ್ಳಬೇಕು. ಬುಡದಲ್ಲಿ ಕೂದಲೇ ಇಲ್ಲದಿದ್ದರೆ ಬೆಳಕಿಗೆ ಗುರಿಯೇ ಇರುವುದಿಲ್ಲ. ಚಿಮಟದ ಸಂಪ್ರದಾಯದಲ್ಲಿ ಬೆಳೆದವರಿಗೆ ಈ ಮಾತು ಒಪ್ಪಲು ಕಷ್ಟ. ಆದುದರಿಂದ ಚಿಕಿತ್ಸಕರು ಅದನ್ನು ಗದರಿಸದೆ, ಕಾರಣಸಹಿತ ವಿವರಿಸಬೇಕು. ಬಿಸಿಲಿನಿಂದ ದೂರವಿರುವುದು, ಅರಿವಳಿಕೆಯ ಮುಲಾಮನ್ನು ವೈದ್ಯರ ಸಲಹೆಯಂತೆ ಮಿತವಾಗಿ ಹಚ್ಚುವುದು, ಚಿಕಿತ್ಸೆಯ ನಂತರ ಹಕ್ಕಳೆಯನ್ನು ಕೆರೆಯದಿರುವುದು ಇವು ಎಲ್ಲ ವಿಧಾನಗಳಿಗೂ ಸಲ್ಲುವ ಮಾತು. ಈ ಕಾಯುವಿಕೆಯ ತಿಂಗಳುಗಳಲ್ಲಿ ಗಲ್ಲದ ನೀಲಿಛಾಯೆಯನ್ನು ಮರೆಸಲು, ಮೈಬಣ್ಣದ ಲೇಪದ ಕೆಳಗೆ ಕಿತ್ತಳೆ ಛಾಯೆಯ ತೆಳುಲೇಪವನ್ನು ಹಚ್ಚುವ ಉಪಾಯವೂ ಪ್ರಚಲಿತವಾಗಿದೆ. ಎರಡು ವಿರುದ್ಧ ವರ್ಣಗಳು ಒಂದನ್ನೊಂದು ತಣಿಸುತ್ತವೆ.

ಆತ್ಮವಿಶ್ವಾಸದ ಮಾತಿಗೆ ಬಂದರೆ, ಅದು ಕೊನೆಯ ಕೂದಲು ಬಿದ್ದ ದಿನದಂದು ಒಮ್ಮೆಗೇ ಒದಗುವ ವಸ್ತುವಲ್ಲ. ಮಧ್ಯಾಹ್ನ ಎರಡನೆಯ ಬಾರಿ ಬೋಳಿಸಿಕೊಳ್ಳುವ ಅಗತ್ಯ ತಪ್ಪಿದ ದಿನ, ಅಂಗೈಯಿಂದ ಗಲ್ಲವನ್ನು ಮುಚ್ಚದೆ ಮಾತನಾಡಿದ ದಿನ, ಹೀಗೆ ಅದು ಅಂಶಾಂಶವಾಗಿ ಕೂಡಿಬರುತ್ತದೆ. ಹೆಣ್ಣಾದವರೆಲ್ಲರೂ ಕೂದಲನ್ನು ತೆಗೆಸಿಕೊಳ್ಳಬೇಕೆಂಬ ಕಟ್ಟಳೆಯನ್ನು ನಾನು ಒಪ್ಪುವವನಲ್ಲ. ಮುಖದ ಮೇಲೆ ರೋಮವಿರುವ ಸ್ತ್ರೀಯರು ಎಲ್ಲ ಕಾಲದಲ್ಲಿಯೂ ಇದ್ದಾರೆ, ಮತ್ತು ಗೌರವವು ನುಣುಪಾದ ಗಲ್ಲಕ್ಕೆ ಮೀಸಲಾದುದಲ್ಲ. ಆದರೆ ಕನ್ನಡಿಯಲ್ಲಿ ತನ್ನದಲ್ಲದ ಮುಖವನ್ನು ದಿನವೂ ಕಾಣುವ ಸಂಕಟವನ್ನು ಹಗುರಾಗಿ ಎಣಿಸುವುದು ನಿರ್ದಯತೆ. 2022ರಲ್ಲಿ ಪ್ರಕಟವಾದ ಅದೇ ಅಂತರರಾಷ್ಟ್ರೀಯ ಮಾನದಂಡಗಳ ಎಂಟನೆಯ ಆವೃತ್ತಿಯು ಮುಖ, ದೇಹ, ಗುಹ್ಯಾಂಗಗಳ ರೋಮನಿವಾರಣೆಯನ್ನು ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆಗಳ ಪಟ್ಟಿಯಲ್ಲಿಯೇ ಸೇರಿಸಿತು. ಯೋನಿರಚನೆಯ ಶಸ್ತ್ರಚಿಕಿತ್ಸೆಯಲ್ಲಿ ಒಳಭಾಗಕ್ಕೆ ತಿರುಗುವ ಚರ್ಮದಲ್ಲಿ ಕೂದಲು ಉಳಿದರೆ ಮುಂದೆ ಸೋಂಕಿಗೂ ತೊಂದರೆಗೂ ಎಡೆಯಾಗುವುದರಿಂದ ಅದನ್ನು ಮೊದಲೇ ತೆಗೆಯುವುದುಂಟು. ಗಂಡಾಗಿ ಪರಿವರ್ತನೆ ಹೊಂದುವವರಿಗೆ ಶಿಶ್ನರಚನೆಗಾಗಿ ಮುಂದೋಳಿನ ಚರ್ಮವನ್ನು ಬಳಸುವಾಗಲೂ ಹಾಗೆಯೇ.

ಭಾರತದಲ್ಲಿ 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು, ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಲಿಂಗತ್ವವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2019ರಲ್ಲಿ ಸಂಸತ್ತು ಅಂಗೀಕರಿಸಿದ, ಇವರ ಹಕ್ಕುಗಳ ಅಧಿನಿಯಮದ 15ನೆಯ ಪ್ರಕರಣವು, ಶಸ್ತ್ರಚಿಕಿತ್ಸೆ ಮತ್ತು ಹಾರ್ಮೋನ್ ಚಿಕಿತ್ಸೆಗಳೊಡನೆ ಲೇಸರ್ ಚಿಕಿತ್ಸೆಯ ವೆಚ್ಚವನ್ನೂ ವಿಮೆಯ ವ್ಯಾಪ್ತಿಗೆ ತರಬೇಕೆಂದು ಹೆಸರೆತ್ತಿ ಹೇಳಿತು; ಗಡ್ಡದ ನೋವು ಶಾಸನದ ಭಾಷೆಯನ್ನು ತಲುಪಿದ ಈ ಸಂಗತಿಯು ಸಣ್ಣದಲ್ಲ. ಆದರೆ ಆ ಪ್ರಕರಣದಲ್ಲಿ ಸೂಜಿಯ ಹೆಸರಿಲ್ಲ. ಲೇಸರಿಗೆ ಬಿಳಿಗೂದಲು ಕಾಣುವುದಿಲ್ಲ. ಜೀವಮಾನವಿಡೀ ಬಚ್ಚಿಟ್ಟುಕೊಂಡಿದ್ದು, ಮಕ್ಕಳ ಮದುವೆಯಾದ ಮೇಲೆ, ನಿವೃತ್ತಿಯ ನಂತರ, ಐವತ್ತು ಅರವತ್ತರ ವಯಸ್ಸಿನಲ್ಲಿ ಹೊರಗೆ ಬರುವವರ ಗಡ್ಡ ನರೆತಿರುತ್ತದೆ, ಅವರಿಗೆ 1875ರ ಸೂಜಿಯೊಂದೇ ಗತಿ. ಲೇಸರ್ ಯಂತ್ರಗಳು ನಮ್ಮ ಜಿಲ್ಲಾಕೇಂದ್ರಗಳಿಗೂ ಬಂದಿರುವಾಗ, ಸೂಜಿಯನ್ನು ಪಳಗಿದ ಕೈಯಿಂದ ಹಿಡಿಯಬಲ್ಲವರು ಬೆಂಗಳೂರಿನಲ್ಲಿಯೂ ವಿರಳ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗಗಳಲ್ಲಿ ಈ ವಿದ್ಯೆಯನ್ನು ಕಲಿಸಿ, ಕಲಿತವರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೇ ಮೊದಲ ಉದ್ಯೋಗಾವಕಾಶ ಕೊಟ್ಟರೆ, ಚಿಮಟ ಹಿಡಿದು ಪಳಗಿದ ಬೆರಳುಗಳಿಗೆ ಆ ಕೆಲಸವೇನೂ ಹೊಸದಾಗದು.